ಬಾಗಿಲು ಕಾಯುವವನ ಕೈಗೆ ಭಂಡಾರದ ಕೀಲಿಕೈ

ಡ್ರೈವರ್ ಎಂದೊಡನೆ ನಮ್ಮ ಕಣ್ಣ ಮುಂದೆ ಬಂದು ನಿಲ್ಲುವವನು ಹಿಂದೂಪುರದಿಂದ ಕಲ್ಯಾಣದುರ್ಗದ ಕಡೆಗೆ ಬಸ್ಸು ಓಡಿಸುವ ಪುಣ್ಯಾತ್ಮ. ಪಾವಗಡದ ಮಾರ್ಗವಾಗಿ ಹೋದರೆ ಎರಡು ಸಲ ರಾಜ್ಯದ ಗಡಿ ದಾಟಬೇಕು. ಆದರೂ ನಾವು ಕಿಟಕಿಗೆ ತಲೆಯಾನಿಸಿ ನಿಶ್ಚಿಂತೆಯಿಂದ ನಿದ್ರೆ ಮಾಡುತ್ತೇವೆ. ಏಕೆಂದರೆ ಅವನಿಗೆ ಲೈಸೆನ್ಸ್ ಇದೆಯೇ ಎಂದು ಸರಕಾರ ನೋಡಿದೆ, ಅವನ ಕಣ್ಣನ್ನು ಡಾಕ್ಟರು ಪರೀಕ್ಷಿಸಿದ್ದಾರೆ, ತಪ್ಪು ಮಾಡಿದರೆ ಹೆಸರು ಹಿಡಿದು ಕೇಳುವವರಿದ್ದಾರೆ. ಆದರೆ ಇಂದು ನಮ್ಮೆಲ್ಲರ ಮನೆಗಳಲ್ಲಿ ಮತ್ತೊಬ್ಬ ಡ್ರೈವರ್ ಸೇರಿಕೊಂಡಿದ್ದಾನೆ. ಶಾಲೆಯ ಕಂಪ್ಯೂಟರಿನಲ್ಲಿ, ಅಪ್ಪನ ಮೊಬೈಲಿನಲ್ಲಿ, ಗೋಡೆಗೆ ನೇತುಹಾಕಿದ ದೀಪ ಮಿನುಗುವ ಇಂಟರ್‌ನೆಟ್ ಡಬ್ಬಿಯಲ್ಲಿ ಅವನ ವಾಸ. ಅವನು ಮನುಷ್ಯನಲ್ಲ, ಒಂದು ಪ್ರೋಗ್ರಾಂ. ಹೊರಗಿನ ತಂತಿಯಿಂದಲೋ ಗಾಳಿಯಿಂದಲೋ ಬರುವ ಸಂದೇಶಗಳನ್ನು ಒಳಗೆ ತೆಗೆದುಕೊಳ್ಳುವ ಯಂತ್ರಭಾಗವನ್ನು ನಡೆಸುವುದು ಅವನ ಕೆಲಸ. ಈ ಡ್ರೈವರಿನ ಲೈಸೆನ್ಸನ್ನು ಯಾರು ನೋಡಿದ್ದಾರೆ? ಈ ಪ್ರಶ್ನೆಯನ್ನು ಕೇಳುವ ಕಾಲ ಬಂದಿದೆ ಎಂಬುದು ನಮ್ಮ ಅಭಿಪ್ರಾಯ.

ಈ ಮಾತನ್ನು ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ಏಕೆ ಎತ್ತಬೇಕೆಂದು ಪೋಷಕರು ಕೇಳಬಹುದು. ಇದನ್ನು ಬರೆಯುತ್ತಿರುವ ನಾವಿಬ್ಬರೂ ಮೇಷ್ಟರುಗಳು. ಒಬ್ಬರು ಹಿಂದೂಪುರದವರು, ಇನ್ನೊಬ್ಬರು ಕಲ್ಯಾಣದುರ್ಗದ ಕಡೆಯವರು. 2022ರ ಏಪ್ರಿಲ್‌ನಲ್ಲಿ ಜಿಲ್ಲೆಗಳನ್ನು ವಿಂಗಡಿಸಿದಾಗ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗ ಅನಂತಪುರದಲ್ಲಿಯೇ ಉಳಿಯಿತು. ಆದರೆ ಜಾಲಕ್ಕೆ ಜಿಲ್ಲೆಯೂ ಇಲ್ಲ, ಗಡಿಯೂ ಇಲ್ಲ. 2017ರ ಡಿಸೆಂಬರ್ 27ರಂದು ಅಂದಿನ ರಾಷ್ಟ್ರಪತಿ ರಾಮನಾಥ್ ಕೋವಿಂದರು ಆಂಧ್ರಪ್ರದೇಶದ ಫೈಬರ್ ಜಾಲವನ್ನು ಉದ್ಘಾಟಿಸಿದರು. ನೆಲ ಅಗೆಯುವ ಬದಲು ಕರೆಂಟು ಕಂಬಗಳ ಮೇಲೆಯೇ ಗಾಜಿನ ಎಳೆಯನ್ನು ಎಳೆಯಲಾಯಿತು. ಆರಂಭದ ದರ ತಿಂಗಳಿಗೆ 149 ರೂಪಾಯಿ. ಅದಾದ ಮೇಲೆ ಖಾಸಗಿ ಕಂಪನಿಗಳ ತಂತಿಗಳೂ ಬಂದವು. ಇಂದು ರೇಷ್ಮೆಗೂಡು ಮಾರಿದ ಹಣವೂ, ತಾಯಂದಿರ ಡ್ವಾಕ್ರಾ ಸಂಘದ ಕಂತೂ, ಮಕ್ಕಳ ಮನೆಗೆಲಸವೂ ಇದೇ ದಾರಿಯಲ್ಲಿ ಹೋಗಿ ಬರುತ್ತವೆ. ಹಣ ಹೋಗುವ ದಾರಿಯಲ್ಲಿ ಕಾವಲುಗಾರ ಎಂಥವನು ಎಂದು ವಿಚಾರಿಸುವುದು ಮನೆಯ ಯಜಮಾನನ ಕರ್ತವ್ಯವಲ್ಲವೆ?

ಮೊದಲು ಈ ಡ್ರೈವರಿನ ಕೆಲಸವನ್ನು ತಿಳಿಯೋಣ. ಹಿಂದೂಪುರದ ಹುಣಸೆಹಣ್ಣಿನ ಮಂಡಿಯನ್ನು ನೆನೆದುಕೊಳ್ಳಿ. ಬಾಗಿಲಿಗೆ ಗಾಡಿಗಳು ಬರುತ್ತವೆ. ಹಮಾಲಿ ಮೂಟೆಗಳನ್ನು ಇಳಿಸುತ್ತಾನೆ. ಎಲ್ಲಿ ಇಳಿಸಬೇಕೆಂದು ಗುಮಾಸ್ತ ಮೊದಲೇ ನೆಲದ ಮೇಲೆ ಚೌಕಗಳನ್ನು ಬರೆದು, ಒಂದು ಎರಡು ಮೂರು ಎಂದು ಅಂಕಿ ಹಾಕಿರುತ್ತಾನೆ. ಮೂಟೆ ಇಳಿದೊಡನೆ ಹಮಾಲಿ ಕೂಗು ಹಾಕುತ್ತಾನೆ. ಗುಮಾಸ್ತ ಬಂದು ಚೀಟಿ ನೋಡಿ, ಲೆಕ್ಕ ಬರೆದು, ಮೂಟೆಯನ್ನು ಒಳಗಿನ ಗೋದಾಮಿಗೆ ಕಳಿಸಿ, ಚೌಕವನ್ನು ಖಾಲಿ ಮಾಡುತ್ತಾನೆ. ಕೊನೆಯ ಚೌಕ ಮುಗಿದರೆ ಮತ್ತೆ ಮೊದಲನೆಯದಕ್ಕೆ. ಕಂಪ್ಯೂಟರಿನಲ್ಲಿ ಹಮಾಲಿಯ ಕೆಲಸ ಮಾಡುವುದು ನೆಟ್‌ವರ್ಕ್ ಕಾರ್ಡ್ ಎಂಬ ಯಂತ್ರಭಾಗ, ಗುಮಾಸ್ತನೇ ಡ್ರೈವರ್, ಚೌಕಗಳೇ ಕಂಪ್ಯೂಟರಿನ ನೆನಪಿನ ಭಾಗಗಳು, ಮೂಟೆಗೆ ಪ್ಯಾಕೆಟ್ ಎಂದು ಹೆಸರು. ಈಥರ್‌ನೆಟ್ ಎಂಬ ಸಾಮಾನ್ಯ ತಂತಿಯ ಜಾಲದಲ್ಲಿ ಒಂದು ಮೂಟೆಯಲ್ಲಿ ಕನಿಷ್ಠ 46, ಗರಿಷ್ಠ 1500 ಬೈಟುಗಳಷ್ಟು ಸರಕು ಹಿಡಿಯುತ್ತದೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಇಂದು ಬಳಕೆಯಲ್ಲಿರುವ ಪದ್ಧತಿಯಲ್ಲಿ ನಮ್ಮ ‘ಕ’ ಅಕ್ಷರಕ್ಕೆ ಮೂರು ಬೈಟು ಬೇಕು.

ಕೇಳಲು ಸರಳವಾದ ಕೆಲಸ. ಆದರೆ ಇಲ್ಲಿ ಎರಡು ವಿಶೇಷಗಳಿವೆ. ಮೊದಲನೆಯದು, ಬಾಗಿಲಿಗೆ ಬರುವ ಗಾಡಿ ಯಾರದೆಂದು ಮೊದಲೇ ತಿಳಿಯದು. ಬೆಂಗಳೂರಿನದಿರಬಹುದು, ಬ್ರೆಜಿಲ್ ದೇಶದ್ದಿರಬಹುದು, ಸಾಹುಕಾರನದಿರಬಹುದು, ಕಳ್ಳನದಿರಬಹುದು. ಎರಡನೆಯದು, ಈ ಗುಮಾಸ್ತ ಕುಳಿತಿರುವ ಜಾಗ. ಕಂಪ್ಯೂಟರಿನ ಸಾಮಾನ್ಯ ಪ್ರೋಗ್ರಾಂಗಳು ಹೊರಗಿನ ಕೋಣೆಗಳಲ್ಲಿ, ಒಂದರ ತಂಟೆಗೆ ಒಂದು ಹೋಗದಂತೆ ಗೋಡೆಗಳ ನಡುವೆ ಕೆಲಸ ಮಾಡುತ್ತವೆ. ಆದರೆ ಎಲ್ಲವನ್ನೂ ಆಳುವ ಒಳಮನೆಯೊಂದಿದೆ. ಅದಕ್ಕೆ ಕರ್ನೆಲ್ ಎನ್ನುತ್ತಾರೆ. ನಾವು ತಿರುಳು ಎನ್ನಬಹುದು. ಅಲ್ಲಿ ಗೋಡೆಗಳಿಲ್ಲ. ಅಲ್ಲಿರುವವನು ಯಾವ ಪೆಟ್ಟಿಗೆಯನ್ನು ಬೇಕಾದರೂ ತೆರೆಯಬಲ್ಲನು, ಯಾವ ಲೆಕ್ಕವನ್ನು ಬೇಕಾದರೂ ತಿದ್ದಬಲ್ಲನು. ನಾವು ದಿನವೂ ಬಳಸುವ ಬಹುಪಾಲು ಯಂತ್ರಗಳಲ್ಲಿ ನೆಟ್‌ವರ್ಕ್ ಡ್ರೈವರನ್ನು ಕೂರಿಸಿರುವುದು ಈ ಒಳಮನೆಯಲ್ಲಿಯೇ.

ಇದನ್ನು ತರಗತಿಯಲ್ಲಿ ವಿವರಿಸುತ್ತಿದ್ದಾಗ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, “ಬಾಗಿಲು ಕಾಯೋನಿಗೆ ಬೀರುವಿನ ಕೀಲಿಕೈ ಯಾಕೆ ಕೊಡಬೇಕು ಸಾರ್?” ಎಂದು ಕೇಳಿದಳು. ನಮಗೆ ಆ ಕ್ಷಣಕ್ಕೆ ಉತ್ತರ ತೋಚಲಿಲ್ಲ. ಈ ಲೇಖನವನ್ನು ಆ ಪ್ರಶ್ನೆಗೆ ನಾವು ತಡವಾಗಿ ಕೊಡುತ್ತಿರುವ ಉತ್ತರ ಎಂದು ಭಾವಿಸಬೇಕು.

ಹಿಂದೂಪುರದಿಂದ ಸುಮಾರು 15 ಕಿಲೋಮೀಟರ್ ದೂರದ ಲೇಪಾಕ್ಷಿಗೆ ನಮ್ಮ ಮಕ್ಕಳೆಲ್ಲರೂ ಪ್ರವಾಸ ಹೋಗಿದ್ದಾರೆ. ವಿಜಯನಗರದ ಕಾಲದ ಆ ವೀರಭದ್ರ ದೇವಾಲಯವನ್ನು 16ನೆಯ ಶತಮಾನದಲ್ಲಿ ಕಟ್ಟಿಸಿದ ವಿರೂಪಣ್ಣನ ಕತೆಯನ್ನು ಅಲ್ಲಿ ಎಲ್ಲರೂ ಹೇಳುತ್ತಾರೆ. ಅವನು ಅರಸನ ಭಂಡಾರವನ್ನು ನೋಡಿಕೊಳ್ಳುತ್ತಿದ್ದವನು. ಅರಸನನ್ನು ಕೇಳದೆ ಭಂಡಾರದ ಹಣವನ್ನು ಗುಡಿಗೆ ಸುರಿದನೆಂದೂ, ಅರಸನ ಕೋಪಕ್ಕೆ ಗುರಿಯಾಗಿ ತನ್ನ ಕಣ್ಣುಗಳನ್ನು ತಾನೇ ಕಿತ್ತು ಗೋಡೆಗೆ ಎಸೆದನೆಂದೂ ಜನ ಹೇಳಿ, ಗೋಡೆಯ ಮೇಲಿನ ಕೆಂಪು ಕಲೆಗಳನ್ನು ತೋರಿಸುತ್ತಾರೆ. ಕತೆ ಎಷ್ಟು ನಿಜವೋ, ಅದರೊಳಗಿನ ನೀತಿಯಂತೂ ನಿಜ. ವಿರೂಪಣ್ಣ ಕೆಟ್ಟವನಲ್ಲ. ಆದರೆ ಕೀಲಿಕೈ ಅವನೊಬ್ಬನ ಕೈಯಲ್ಲಿತ್ತು. ತೆಗೆದದ್ದೆಷ್ಟು ಎಂದು ಆಗಿಂದಾಗ್ಗೆ ನೋಡುವವರಿರಲಿಲ್ಲ. ಡ್ರೈವರ್ ಬರೆಯುವವರೂ ಕೆಟ್ಟವರಲ್ಲ. ಆದರೆ ಅವರ ಒಂದು ಸಣ್ಣ ಮರೆವು ಭಂಡಾರದ ಬಾಗಿಲನ್ನೇ ತೆರೆದಿಡಬಲ್ಲದು.

ಇದು ಬರಿಯ ಊಹೆಯಲ್ಲ. 2001ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಲಿನಕ್ಸ್ ಎಂಬ ತಿರುಳಿನ ಹಲವು ಆವೃತ್ತಿಗಳನ್ನು ಜಾಲಾಡಿ ತಪ್ಪುಗಳನ್ನು ಲೆಕ್ಕ ಹಾಕಿದರು. ಉಳಿದ ಭಾಗಗಳಿಗಿಂತ ಡ್ರೈವರುಗಳಲ್ಲಿ ತಪ್ಪಿನ ಪ್ರಮಾಣ ಮೂರರಿಂದ ಏಳು ಪಟ್ಟು ಹೆಚ್ಚಾಗಿ ಕಂಡಿತು. ಕಾರಣವನ್ನು ಊಹಿಸುವುದು ಕಷ್ಟವಲ್ಲ. ತಿರುಳಿನ ಮುಖ್ಯ ಭಾಗವನ್ನು ನೂರು ಕಣ್ಣುಗಳು ಓದುತ್ತವೆ. ಒಂದು ಕಂಪನಿಯ ಒಂದು ಮಾದರಿಯ ಕಾರ್ಡಿನ ಡ್ರೈವರನ್ನಾದರೋ ಒಬ್ಬಿಬ್ಬರು ಗಡಿಬಿಡಿಯಲ್ಲಿ ಬರೆದು ಮುಗಿಸುತ್ತಾರೆ. ಆ ಕಾರ್ಡು ಕೈಯಲ್ಲಿಲ್ಲದವರು ಅದನ್ನು ಪರೀಕ್ಷಿಸಲಾರರು.

ಮೊದಲ ಉದಾಹರಣೆಗೆ ಕಲ್ಯಾಣದುರ್ಗದ ಕಡಲೆಕಾಯಿಯನ್ನೇ ತೆಗೆದುಕೊಳ್ಳೋಣ. ಸಂತೆಯಲ್ಲಿ ಹುರಿದ ಕಡಲೆಕಾಯಿ ಕೊಂಡರೆ ಹಳೆಯ ಕಾಗದದಲ್ಲಿ ಪೊಟ್ಟಣ ಕಟ್ಟಿ ಕೊಡುತ್ತಾರೆ. ತಿಂದು ಮುಗಿಸಿ ಕಾಗದ ಬಿಡಿಸಿ ನೋಡಿದರೆ ಯಾರದೋ ಪರೀಕ್ಷೆಯ ಉತ್ತರ, ಯಾವುದೋ ಅಂಗಡಿಯ ಸಾಲದ ಲೆಕ್ಕ! ನೆಟ್‌ವರ್ಕ್ ಡ್ರೈವರುಗಳಲ್ಲಿ ಇಂಥದೇ ತಪ್ಪು ನಡೆಯಿತು. ಮೂಟೆಯಲ್ಲಿ ಕನಿಷ್ಠ 46 ಬೈಟು ಇರಲೇಬೇಕೆಂದು ಮೇಲೆ ಹೇಳಿದೆವು. ಕಳಿಸುವ ಸಂದೇಶ ಅದಕ್ಕಿಂತ ಚಿಕ್ಕದಾಗಿದ್ದರೆ ಮಿಕ್ಕ ಜಾಗವನ್ನು ಸೊನ್ನೆಗಳಿಂದ ತುಂಬಬೇಕು. ಆದರೆ ಹಲವು ಡ್ರೈವರುಗಳು ಸೊನ್ನೆ ತುಂಬುವ ಗೋಜಿಗೆ ಹೋಗದೆ, ನೆನಪಿನ ಆ ಚೌಕದಲ್ಲಿ ಹಿಂದೆ ಏನು ಉಳಿದಿತ್ತೋ ಅದನ್ನೇ ಸೇರಿಸಿ ಕಳಿಸಿಬಿಡುತ್ತಿದ್ದವು. ಹಿಂದಿನ ಪತ್ರದ ತುಣುಕೋ, ಗುಟ್ಟಿನ ಪದದ ತುಂಡೋ ಹಾಗೆ ಹೊರಗೆ ಹೋಗಬಹುದಾಗಿತ್ತು. 2003ರ ಜನವರಿಯಲ್ಲಿ ಆಫಿರ್ ಆರ್ಕಿನ್ ಮತ್ತು ಜಾಶ್ ಆಂಡರ್ಸನ್ ಎಂಬ ಸಂಶೋಧಕರು ಇದನ್ನು ಬಯಲಿಗೆ ತಂದರು. ಇದಕ್ಕೆ ಈಥರ್‌ಲೀಕ್ ಎಂದು ಹೆಸರಾಯಿತು. ಒಬ್ಬ ಕಂಪನಿಯವನದಲ್ಲ, ಅನೇಕರ ಡ್ರೈವರುಗಳಲ್ಲಿ ಇದೇ ತಪ್ಪಿತ್ತು. ನಿಯಮ ಪುಸ್ತಕದಲ್ಲಿತ್ತು, ಪಾಲಿಸಿದವರು ಇರಲಿಲ್ಲ.

ಎರಡನೆಯದು ತಕ್ಕಡಿಯ ಮಾತು. ಮೂಟೆಯ ಮೇಲೆ 40 ಕಿಲೋ ಎಂದು ಬರೆದಿದೆಯೆಂದು ತೂಗದೆಯೇ ಹಣ ಎಣಿಸುವ ವ್ಯಾಪಾರಿಯನ್ನು ನಮ್ಮ ಮಂಡಿಯಲ್ಲಿ ಯಾರಾದರೂ ಕಂಡಿದ್ದೀರಾ? ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿಯೂ ಅಷ್ಟೆ. ರೈತ ಹೇಳಿದ ತೂಕ ರೈತನದು, ತಕ್ಕಡಿ ತೋರಿಸಿದ ತೂಕವೇ ವ್ಯವಹಾರದ್ದು. ಆದರೆ ಜಾಲದ ಪ್ಯಾಕೆಟ್ಟುಗಳು ತಮ್ಮ ಉದ್ದವನ್ನು ತಾವೇ ಬರೆದುಕೊಂಡು ಬರುತ್ತವೆ. ಅದನ್ನು ನಂಬಿ ಕೆಟ್ಟ ಪ್ರೋಗ್ರಾಂಗಳು ಎಷ್ಟೋ. 2017ರಲ್ಲಿ ಬ್ರಾಡ್‌ಕಾಮ್ ಕಂಪನಿಯ ವೈ-ಫೈ ಚಿಪ್ಪುಗಳಲ್ಲಿ ನಿತಾಯ್ ಆರ್ಟೆನ್‌ಸ್ಟೀನ್ ಎಂಬ ಸಂಶೋಧಕರು ಇಂಥ ದೋಷವನ್ನು ಕಂಡುಹಿಡಿದರು. ಚಿಪ್ಪಿನೊಳಗೇ ಓಡುವ, ಡ್ರೈವರಿನ ಜೊತೆಗಾರನಾದ ಪ್ರೋಗ್ರಾಂ ಅದು. ಬಂದ ಸಂದೇಶದ ಒಂದು ಭಾಗ ಇಟ್ಟಿದ್ದ ಜಾಗಕ್ಕಿಂತ ದೊಡ್ಡದಾಗಿದ್ದರೆ ಪಕ್ಕದ ಚೌಕಗಳ ಮೇಲೆ ಚೆಲ್ಲುತ್ತಿತ್ತು. ಹಾಗೆ ಚೆಲ್ಲಿದ್ದನ್ನೇ ಆಯುಧ ಮಾಡಿಕೊಂಡು ಚಿಪ್ಪನ್ನು ವಶಪಡಿಸಿಕೊಳ್ಳಬಹುದಿತ್ತು. ಮೊಬೈಲಿನ ಒಡೆಯ ಯಾವ ಗುಂಡಿಯನ್ನೂ ಒತ್ತಬೇಕಾಗಿರಲಿಲ್ಲ. ವೈ-ಫೈ ಹಚ್ಚಿಕೊಂಡು ಹತ್ತಿರದಲ್ಲಿದ್ದರೆ ಸಾಕಾಗಿತ್ತು. ಐಫೋನುಗಳಿಗೂ ಅನೇಕ ಆಂಡ್ರಾಯ್ಡ್ ಫೋನುಗಳಿಗೂ ಈ ಚಿಪ್ಪುಗಳು ಹೋಗಿದ್ದವು. ಅದೇ ಜುಲೈ ತಿಂಗಳಲ್ಲಿ ಗೂಗಲ್, ಆಪಲ್ ಕಂಪನಿಗಳು ರಿಪೇರಿ ಕಳಿಸಿದವು. ಆ ರಿಪೇರಿ ತಲುಪದ ಹಳೆಯ ಫೋನುಗಳ ಗತಿ? ಅದಕ್ಕೆ ಮುಂದೆ ಬರೋಣ.

ಮೂರನೆಯದು ಗೋಡೆಯಿಲ್ಲದ ಒಳಮನೆಯ ಕತೆ. 2008ರ ಸೆಪ್ಟೆಂಬರ್‌ನಲ್ಲಿ ಲಿನಕ್ಸಿನ ಹೊಸ ಆವೃತ್ತಿಯೊಂದನ್ನು ಪರೀಕ್ಷಿಸುತ್ತಿದ್ದವರ ಇಂಟೆಲ್ ನೆಟ್‌ವರ್ಕ್ ಕಾರ್ಡುಗಳು ಇದ್ದಕ್ಕಿದ್ದಂತೆ ಕೆಟ್ಟು ಕೂತವು. ಕಾರ್ಡಿನೊಳಗಿನ ಶಾಶ್ವತ ನೆನಪೇ ಅಳಿಸಿಹೋಗಿತ್ತು; ಯಂತ್ರ ಆರಿಸಿ ಹಚ್ಚಿದರೂ ಸರಿಹೋಗುತ್ತಿರಲಿಲ್ಲ. ಎಲ್ಲರೂ ಡ್ರೈವರನ್ನು ದೂರಿದರು. ಕಡೆಗೆ ಅಕ್ಟೋಬರ್‌ನಲ್ಲಿ ತಿಳಿದುಬಂದದ್ದೇ ಬೇರೆ. ತಿರುಳಿನ ಇನ್ನೊಂದು ಮೂಲೆಯಲ್ಲಿದ್ದ, ಕೆಲಸಗಳ ಜಾಡು ಬರೆದಿಡುವ ಒಂದು ಸಾಧನ ಹಳೆಯ ವಿಳಾಸವನ್ನು ಮರೆಯದೆ ಇಟ್ಟುಕೊಂಡಿತ್ತು. ಆ ವಿಳಾಸದ ಮನೆ ಖಾಲಿಯಾಗಿ, ಅಲ್ಲಿಗೆ ಕಾರ್ಡಿನ ನೆನಪಿನ ಕಿಟಕಿ ಬಂದು ಕೂತಿತ್ತು. ಸಾಧನವು ತನ್ನ ಹಳೆಯ ಜಾಗವೆಂದು ತಿಳಿದು ಅದರ ಮೇಲೆ ಬರೆದುಬಿಟ್ಟಿತು. ಅಂದರೆ ಒಬ್ಬನ ತಪ್ಪಿಗೆ ಇನ್ನೊಬ್ಬನ ತಲೆದಂಡ. ಆದರೆ ಡ್ರೈವರನ್ನು ಪೂರ್ತಿ ನಿರಪರಾಧಿ ಎನ್ನಲಾಗದು. ಕಾರ್ಡಿನ ಶಾಶ್ವತ ನೆನಪಿಗೆ ಬೀಗ ಹಾಕುವ ಸೌಕರ್ಯವಿತ್ತು. ಬೀಗ ಹಾಕಿದ್ದು ಕಳವಾದ ಮೇಲೆ.

ಒಳಮನೆಯ ತಪ್ಪು ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ 2024ರ ಜುಲೈ 19ರ ದಿನವನ್ನು ಯಾರೂ ಮರೆಯಲಾರರು. ಅದು ನೆಟ್‌ವರ್ಕ್ ಕಾರ್ಡಿನ ಡ್ರೈವರಲ್ಲ, ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿಯ ರಕ್ಷಣಾ ಪ್ರೋಗ್ರಾಮಿನದು. ಆದರೆ ಅದೂ ಡ್ರೈವರಾಗಿ ಅದೇ ಒಳಮನೆಯಲ್ಲಿ ಕೂತಿತ್ತು. ಹೊಸದಾಗಿ ಕಳಿಸಿದ ಒಂದು ಕಡತ 21ನೆಯ ಅಂಶವನ್ನು ನೋಡು ಎಂದಿತು. ಪ್ರೋಗ್ರಾಮಿನ ಕೈಯಲ್ಲಿದ್ದದ್ದು 20 ಮಾತ್ರ. ಇಲ್ಲದ್ದನ್ನು ಓದಲು ಹೋಗಿ ಪ್ರಪಂಚದಾದ್ಯಂತ ಸುಮಾರು 85 ಲಕ್ಷ ಕಂಪ್ಯೂಟರುಗಳು ಕುಸಿದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಯಿಂದ ಚೀಟಿ ಬರೆದುಕೊಟ್ಟರು. ಎಷ್ಟೋ ಯಂತ್ರಗಳನ್ನು ಒಂದೊಂದಾಗಿ ಮುಂದೆ ಕೂತು ಕೈಯಾರೆ ಸರಿಮಾಡಬೇಕಾಯಿತು. ಕಾಯಲೆಂದು ಇಟ್ಟ ಬೇಲಿಯೇ ಎದ್ದು ಹೊಲ ಮೇದಂತಾಯಿತು. ಇಷ್ಟೆಲ್ಲ ಅನರ್ಥದ ಮೂಲ ಎಣಿಕೆಯಲ್ಲಿ ಒಂದರ ವ್ಯತ್ಯಾಸ! ಲೆಕ್ಕದಲ್ಲಿ ಒಂದು ಅಂಕಿ ತಪ್ಪಿದರೆ ಏನಾಯಿತು ಸಾರ್ ಎಂದು ಕೇಳುವ ಮಕ್ಕಳು ಇದನ್ನು ನೆನಪಿಡಬೇಕು.

ಇನ್ನು ನಮ್ಮ ಮನೆಯ ಬಾಗಿಲಿಗೇ ಬರೋಣ. 2017ರ ಜುಲೈನಲ್ಲಿ ಕರ್ನಾಟಕದಲ್ಲಿ ಬಿ.ಎಸ್.ಎನ್.ಎಲ್. ಗ್ರಾಹಕರ ಬ್ರಾಡ್‌ಬ್ಯಾಂಡ್ ಮೋಡೆಮ್‌ಗಳು ದುಷ್ಟ ಪ್ರೋಗ್ರಾಮೊಂದಕ್ಕೆ ತುತ್ತಾದವು. ಕಾರ್ಖಾನೆಯಿಂದ ಬಂದಾಗ ಇದ್ದ ‘ಅಡ್ಮಿನ್’ ಎಂಬ ಪಾಸ್‌ವರ್ಡನ್ನೇ ಬದಲಿಸದೆ ಉಳಿಸಿಕೊಂಡವರ ಡಬ್ಬಿಗಳಿಗೆ ಅದು ಹೊಕ್ಕಿತು. ಸಂಸ್ಥೆಯವರು ಪಾಸ್‌ವರ್ಡ್ ಬದಲಿಸಿಕೊಳ್ಳಿರೆಂದು ಗ್ರಾಹಕರನ್ನು ಕೇಳಿಕೊಂಡರು. ಇಲ್ಲಿ ತಪ್ಪು ಗ್ರಾಹಕನದೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಎಲ್ಲ ಬೀಗಗಳಿಗೂ ಒಂದೇ ಕೀಲಿಕೈ ಹೊಂದುವಂತೆ ಬೀಗ ಮಾಡಿದವನನ್ನು ಯಾರೂ ಕೇಳಬಾರದೆ?

ನಮ್ಮಿಬ್ಬರಲ್ಲಿ ಕಲ್ಯಾಣದುರ್ಗದವರ ಮನೆಯಲ್ಲಿಯೂ ಒಂದು ಡಬ್ಬಿಯಿದೆ. ಅದರ ಪ್ರೋಗ್ರಾಮಿಗೆ ಹೊಸ ರಿಪೇರಿ ಹಾಕಿಸೋಣವೆಂದು ಹೋದ ಬೇಸಿಗೆಯಲ್ಲಿ ಅಂಗಡಿಗೆ ಹೋದೆವು. ಅಂಗಡಿಯ ಹುಡುಗ ನಮ್ಮ ಹಳೆಯ ವಿದ್ಯಾರ್ಥಿ. ತಿರುಗಿಸಿ ಮುರುಗಿಸಿ ನೋಡಿ, “ಡಬ್ಬಿ ಚೆನ್ನಾಗೇ ಐತೆ ಮೇಷ್ಟ್ರೇ. ಆದರೆ ಕಂಪನಿಯೋರು ಇದಕ್ಕೆ ಪ್ರೋಗ್ರಾಂ ಕಳಿಸೋದು ಬಿಟ್ಟು ಮೂರು ವರ್ಷ ಆಯ್ತು. ಹೊಸದು ತಗೊಂಬಿಡಿ” ಎಂದ. ಅದೇ ಊರಿನಲ್ಲಿ 20 ವರ್ಷದ ಪಂಪುಸೆಟ್ಟಿಗೂ ಬಿಡಿಭಾಗ ಸಿಗುತ್ತದೆ. ಸಿಗದಿದ್ದರೆ ಲೇತ್ ಇಟ್ಟುಕೊಂಡವನು ಮಾಡಿಕೊಡುತ್ತಾನೆ. ಪಂಪುಸೆಟ್ಟನ್ನು ಬಿಚ್ಚಿ ನೋಡಬಹುದು. ಈ ಡಬ್ಬಿಯ ಒಳಗಿನ ಪ್ರೋಗ್ರಾಮನ್ನಾದರೋ ಕಂಪನಿ ಮುಚ್ಚಿಟ್ಟಿದೆ. ತಾನೂ ರಿಪೇರಿ ಮಾಡುವುದಿಲ್ಲ, ಬೇರೆಯವರಿಗೂ ಬಿಡುವುದಿಲ್ಲ. ಬಡವನ ಮನೆಯಲ್ಲಿ ವಸ್ತು ಕೆಡುವವರೆಗೆ ಬಳಕೆಯಲ್ಲಿರುತ್ತದೆ. ಆದ್ದರಿಂದ ರಿಪೇರಿಯಿಲ್ಲದ ಡಬ್ಬಿಗಳು ಹೆಚ್ಚಾಗಿ ಉಳಿಯುವುದು ನಮ್ಮಂಥ ಊರುಗಳಲ್ಲಿಯೇ. ಹೊಸ ಫೋನು ಕೊಳ್ಳಬಲ್ಲವನಿಗೆ ರಕ್ಷಣೆ, ಹಳೆಯದರಲ್ಲಿ ಸುಧಾರಿಸುವವನಿಗೆ ಅಪಾಯ ಎಂಬುದು ನ್ಯಾಯವಲ್ಲ.

ಹಾಗಾದರೆ ಏನಾಗಬೇಕು? ನಮ್ಮ ಅಭಿಪ್ರಾಯ ಇಷ್ಟು. ಮೊದಲನೆಯದಾಗಿ, ಡ್ರೈವರಿಗೆ ಅದರ ಕೆಲಸಕ್ಕೆ ಬೇಕಾದಷ್ಟೇ ಕೀಲಿಕೈ ಕೊಡಬೇಕು. ಇದು ಆಗದ ಮಾತಲ್ಲ. 2005ರಲ್ಲಿ ಪ್ರೊಫೆಸರ್ ಆಂಡ್ರ್ಯೂ ಟನೆನ್‌ಬಾಮ್ ಮತ್ತು ಸಂಗಡಿಗರು ಹೊರತಂದ ಮಿನಿಕ್ಸ್ 3 ಎಂಬ ವ್ಯವಸ್ಥೆಯಲ್ಲಿ ಡ್ರೈವರುಗಳನ್ನು ಹೊರಗಿನ ಕೋಣೆಗಳಲ್ಲಿಯೇ ಕೂರಿಸಿದರು; ಒಂದು ಸತ್ತರೆ ಉಳಿದವು ಸಾಯದೆ, ಸತ್ತದ್ದನ್ನು ಮತ್ತೆ ಎಬ್ಬಿಸುವ ಏರ್ಪಾಡು ಮಾಡಿದರು. ಕಾರ್ಡು ತನಗೆ ಗೊತ್ತುಮಾಡಿದ ಚೌಕಗಳನ್ನು ಬಿಟ್ಟು ಬೇರೆ ನೆನಪನ್ನು ಮುಟ್ಟದಂತೆ ಗೆರೆ ಎಳೆಯುವ ಯಂತ್ರಭಾಗಗಳೂ ಇಂದು ಅನೇಕ ಕಂಪ್ಯೂಟರುಗಳಲ್ಲಿವೆ. ಎರಡನೆಯದಾಗಿ, ಹೊರಗಿನಿಂದ ಬಂದ ಪ್ರತಿಯೊಂದನ್ನೂ ತೂಗಿ ನೋಡಿಯೇ ಒಳಗೆ ಬಿಡಬೇಕು. ತೂಗಲು ಮರೆತರೆ ಎಚ್ಚರಿಸುವ ಭಾಷೆಗಳೂ ಬಂದಿವೆ. ಅಂಥ ಒಂದು ಭಾಷೆಯಾದ ರಸ್ಟ್‌ನಲ್ಲಿ ಬರೆದ ಚಿಕ್ಕದೊಂದು ನೆಟ್‌ವರ್ಕ್ ಡ್ರೈವರ್ 2024ರಲ್ಲಿ ಲಿನಕ್ಸಿಗೆ ಸೇರಿತು. ಮೂರನೆಯದಾಗಿ, ಪ್ರೋಗ್ರಾಮನ್ನು ಹೊರಗಿನವರು ಓದಿ ಪರೀಕ್ಷಿಸಲು ಬಿಡಬೇಕು. ನಾಲ್ಕನೆಯದಾಗಿ, ಎಷ್ಟು ವರ್ಷ ರಿಪೇರಿ ಕಳಿಸುವೆವೆಂದು ಮಾರುವಾಗಲೇ ಡಬ್ಬಿಯ ಮೇಲೆ ಬರೆಯಬೇಕು.

ಈ ಕಡೆಯ ಮಾತು ಬೇರೆ ದೇಶಗಳಲ್ಲಿ ಆಗಲೇ ಕಾನೂನಾಗಿದೆ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಜಾಲಕ್ಕೆ ಸೇರುವ ಮನೆಬಳಕೆಯ ಸಾಧನಗಳಿಗೆ ಎಲ್ಲದಕ್ಕೂ ಒಂದೇ ಎಂಬಂಥ ಪಾಸ್‌ವರ್ಡ್ ಇಟ್ಟು ಮಾರುವಂತಿಲ್ಲ. ಎಷ್ಟು ಕಾಲ ರಿಪೇರಿ ಕಳಿಸುವೆವೆಂದು ತಿಳಿಸಲೇಬೇಕು. ಯೂರೋಪಿನ ಒಕ್ಕೂಟ 2024ರಲ್ಲಿ ಇನ್ನೂ ಬಿಗಿಯಾದ ಕಾನೂನು ಮಾಡಿದೆ. ಅದರ ಮುಖ್ಯ ಕಟ್ಟಳೆಗಳು ಅನ್ವಯಿಸಲು ಗೊತ್ತುಮಾಡಿದ ದಿನ 2027ರ ಡಿಸೆಂಬರ್ 11. ನಮ್ಮ ದೇಶವೂ ಸುಮ್ಮನೆ ಕೂತಿಲ್ಲ. ದೂರಸಂಪರ್ಕ ಇಲಾಖೆಯ ಸಂವಹನ ಭದ್ರತೆಯ ರಾಷ್ಟ್ರೀಯ ಕೇಂದ್ರ ನಮಗೆ ಹತ್ತಿರದ ಬೆಂಗಳೂರಿನಲ್ಲಿಯೇ ಇದೆ. ರೂಟರ್, ವೈ-ಫೈ ಡಬ್ಬಿ ಮೊದಲಾದವು ಎಂಥ ಪರೀಕ್ಷೆಗಳಲ್ಲಿ ಉತ್ತೀರ್ಣವಾಗಬೇಕೆಂದು ಅದು ನಿಯಮಾವಳಿಗಳನ್ನು ರಚಿಸಿದೆ. ಇದು ಸಂತೋಷದ ವಿಷಯ. ಆದರೆ ಸರಕಾರದ ಹಣದಿಂದ ಶಾಲೆಗಳಿಗೂ ಪಂಚಾಯಿತಿಗಳಿಗೂ ಡಬ್ಬಿ ಕೊಳ್ಳುವಾಗ ಟೆಂಡರಿನಲ್ಲಿ ಬೆಲೆಯ ಸಾಲಿನ ಪಕ್ಕದಲ್ಲಿಯೇ ರಿಪೇರಿಯ ವರ್ಷಗಳ ಸಾಲೂ ಇರಬೇಕೆಂದು ನಾವು ಒತ್ತಾಯಿಸುತ್ತೇವೆ. ಅಗ್ಗದ ಡಬ್ಬಿ ಮೂರು ವರ್ಷಕ್ಕೆ ಅನಾಥವಾದರೆ ಅದು ಅಗ್ಗವಲ್ಲ.

ತಯಾರಕರ ಕಡೆಯ ಮಾತನ್ನೂ ಕೇಳಬೇಕಾದದ್ದು ನ್ಯಾಯ. ತೂಗಿ ನೋಡುತ್ತ ಕೂತರೆ ವೇಗ ಹೋಗುತ್ತದೆ ಎನ್ನುತ್ತಾರೆ. ನಿಜ, ಸೆಕೆಂಡಿಗೆ ಒಂದು ಗಿಗಾಬಿಟ್ ಸಾಗಿಸುವ ತಂತಿಯಲ್ಲಿ ಅತಿ ಚಿಕ್ಕ ಪ್ಯಾಕೆಟ್ಟುಗಳೇ ಬಂದರೆ ಸೆಕೆಂಡಿಗೆ 14 ಲಕ್ಷಕ್ಕೂ ಹೆಚ್ಚು ಬರಬಹುದು. ಹೊರಗಿನ ಕೋಣೆಗೂ ಒಳಮನೆಗೂ ಮತ್ತೆ ಮತ್ತೆ ಓಡಾಡುವುದಕ್ಕೆ ಸಮಯ ಹಿಡಿಯುತ್ತದೆ. ಡ್ರೈವರುಗಳು ಒಳಮನೆಯಲ್ಲಿ ಕೂತದ್ದಕ್ಕೆ ಇದೇ ದೊಡ್ಡ ಕಾರಣ. ಆ ಹುಡುಗಿಯ ಪ್ರಶ್ನೆಗೆ ಪ್ರಾಮಾಣಿಕ ಉತ್ತರವೂ ಇದೇ: ಪ್ರತಿಸಲ ಕೀಲಿಕೈ ಕೇಳಿ ಪಡೆಯುವ ತಡವನ್ನು ತಪ್ಪಿಸಲು ಗೊಂಚಲನ್ನೇ ಕೊಟ್ಟುಬಿಟ್ಟೆವು. ಆದರೆ ಬಸ್ಸು ಹತ್ತು ನಿಮಿಷ ಮೊದಲು ಮುಟ್ಟಲೆಂದು ಬ್ರೇಕು ಕಳಚುವವರುಂಟೆ? ಇನ್ನು ಕೆಲವರು, ಪ್ರೋಗ್ರಾಮನ್ನು ತೆರೆದಿಟ್ಟರೆ ಕಳ್ಳರಿಗೆ ದಾರಿ ತೋರಿಸಿದಂತೆ ಎನ್ನುತ್ತಾರೆ. ಬೀಗದ ರಚನೆ ಎಲ್ಲರಿಗೂ ತಿಳಿದಿದ್ದರೂ ಕೀಲಿಕೈ ಇಲ್ಲದೆ ತೆರೆಯಬಾರದು, ಅದೇ ಒಳ್ಳೆಯ ಬೀಗ ಎಂಬ ತತ್ವವನ್ನು ಗುಪ್ತಲಿಪಿಯ ವಿಷಯದಲ್ಲಿ ಕರ್ಕ್‌ಹಾಫ್ಸ್ ಎಂಬ ವಿದ್ವಾಂಸರು 1883ರಲ್ಲಿಯೇ ಹೇಳಿದ್ದಾರೆ. ಆದರೆ ತೆರೆದಿಟ್ಟ ಮಾತ್ರಕ್ಕೆ ಎಲ್ಲವೂ ಸರಿಹೋಗುವುದೆಂದು ನಾವೂ ನಂಬುವುದಿಲ್ಲ. ಈಥರ್‌ಲೀಕ್ ದೋಷ ಎಲ್ಲರೂ ಓದಬಹುದಾಗಿದ್ದ ಲಿನಕ್ಸ್ ಡ್ರೈವರುಗಳಲ್ಲಿಯೂ ಇತ್ತು. ಪುಸ್ತಕ ತೆರೆದಿದ್ದರೆ ಸಾಲದು, ಓದುವವರು ಬೇಕು.

ಇಲ್ಲಿಯೇ ನಮ್ಮ ಮಕ್ಕಳ ಮಾತು ಬರುವುದು. ಇವೆಲ್ಲ ಬೆಂಗಳೂರಿನ ಇಂಗ್ಲಿಷ್ ಮೀಡಿಯಂನವರ ಕೆಲಸ, ಆಂಧ್ರದಲ್ಲಿ ಕನ್ನಡ ಮಾಧ್ಯಮದಲ್ಲಿ ಓದುವ ನಮಗೇಕೆ ಎಂದು ಕೆಲವು ಮಕ್ಕಳು ಹೇಳಿದ್ದನ್ನು ನಾವು ನೋವಿನಿಂದ ಕೇಳಿದ್ದೇವೆ. ಮಕ್ಕಳೇ, ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಪುಸ್ತಕದಲ್ಲಿ ಹಿಂದಿ ಇಂಗ್ಲಿಷ್ ಎಂದು ನಾಲ್ಕು ಭಾಷೆಗಳ ನಡುವೆ ಬೆಳೆದವರು ನೀವು. ಒಂದು ಮಾತು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವಾಗ ಎಲ್ಲಿ ಅರ್ಥ ಕೆಡುತ್ತದೆಂಬುದು ನಿಮಗೆ ಗೊತ್ತು. ಡ್ರೈವರ್ ಬರೆಯುವವನ ಕೆಲಸವೂ ಯಂತ್ರದ ಮಾತನ್ನು ತಿರುಳಿಗೆ ತಿಳಿಸುವ ದುಭಾಷಿಯ ಕೆಲಸವೇ. ಇಂಗ್ಲಿಷ್ ಕಲಿಯಲೇಬೇಕು, ಅದರಲ್ಲಿ ಸಂದೇಹ ಬೇಡ. ಯಂತ್ರಗಳ ಕೈಪಿಡಿಗಳು ಆ ಭಾಷೆಯಲ್ಲಿವೆ. ಆದರೆ ತೂಗದೆ ನಂಬಬಾರದು, ಎಣಿಸದೆ ಮುಂದೆ ಹೋಗಬಾರದು, ಬೇರೆಯವರ ಲೆಕ್ಕದ ಹಾಳೆಯಲ್ಲಿ ಪೊಟ್ಟಣ ಕಟ್ಟಬಾರದು ಎಂಬ ವಿವೇಕ ಯಾವ ಭಾಷೆಯ ಸ್ವತ್ತೂ ಅಲ್ಲ. ಅದನ್ನು ನಿಮ್ಮ ಅಪ್ಪಂದಿರು ಮಂಡಿಯಲ್ಲಿ ದಿನವೂ ಪಾಲಿಸುತ್ತಿದ್ದಾರೆ. ಲಿನಕ್ಸನ್ನು 1991ರಲ್ಲಿ ಆರಂಭಿಸಿದ ಲೀನಸ್ ಟೊರ್ವಾಲ್ಡ್ಸ್ ಆಗ ಫಿನ್‌ಲೆಂಡಿನ 21 ವಯಸ್ಸಿನ ವಿದ್ಯಾರ್ಥಿ. ಅದರ ಡ್ರೈವರುಗಳನ್ನು ಇಂದು ಯಾರು ಬೇಕಾದರೂ ಕಾಸು ಕೊಡದೆ ಓದಬಹುದು. ಶಾಲೆಯ ಕಂಪ್ಯೂಟರ್ ಕೊಠಡಿಯಲ್ಲಿ ಒಂದು ಹಳೆಯ ಕಾರ್ಡಿನ ಡ್ರೈವರನ್ನು ಸಾಲು ಸಾಲಾಗಿ ಓದುವ ಕೂಟವೊಂದನ್ನು ಮುಂದಿನ ವರ್ಷ ಶನಿವಾರದ ಮಧ್ಯಾಹ್ನ ನಡೆಸಬೇಕೆಂದು ನಾವಿಬ್ಬರೂ ನಿಶ್ಚಯಿಸಿದ್ದೇವೆ. ಆ ಪ್ರಶ್ನೆ ಕೇಳಿದ ಹುಡುಗಿಯ ಹೆಸರನ್ನು ಪಟ್ಟಿಯಲ್ಲಿ ಮೊದಲು ಬರೆದಿದ್ದೇವೆ.

ಪೋಷಕರಲ್ಲಿ ನಮ್ಮ ಬಿನ್ನಹ ಚಿಕ್ಕದು. ಮನೆಯ ಡಬ್ಬಿಗೆ ಕಾರ್ಖಾನೆಯ ಪಾಸ್‌ವರ್ಡ್ ಇದ್ದರೆ ಇಂದೇ ಬದಲಿಸಿ. ಫೋನು ರಿಪೇರಿ ಬಂದಿದೆಯೆಂದು ತಿಳಿಸಿದರೆ ನಾಳೆ ನಾಡಿದ್ದು ಎನ್ನದೆ ಹಾಕಿಸಿ. ಹೊಸ ಡಬ್ಬಿ ಕೊಳ್ಳುವಾಗ ವೇಗವೆಷ್ಟು, ಬೆಲೆಯೆಷ್ಟು ಎಂದು ಕೇಳಿದ ಮೇಲೆ, “ಎಷ್ಟು ವರ್ಷ ರಿಪೇರಿ ಕಳಿಸುತ್ತಾರೆ?” ಎಂದು ಮೂರನೆಯ ಪ್ರಶ್ನೆ ಕೇಳಿ. ಅಂಗಡಿಯವನಿಗೆ ಗೊತ್ತಿರಲಿಕ್ಕಿಲ್ಲ. ಹತ್ತು ಜನ ಕೇಳಿದರೆ ಅವನು ಕಂಪನಿಯನ್ನು ಕೇಳುತ್ತಾನೆ. ಹಿಂದೂಪುರದಲ್ಲಿಯೂ ಕಲ್ಯಾಣದುರ್ಗದಲ್ಲಿಯೂ ಎಲ್ಲರೂ ಕೇಳತೊಡಗಿದರೆ ಕಂಪನಿ ಉತ್ತರ ಹುಡುಕಲೇಬೇಕಾಗುತ್ತದೆ.

ಬಸ್ಸಿನ ಡ್ರೈವರನ್ನು ನಂಬಿ ನಾವು ನಿದ್ರೆ ಮಾಡುವುದು ಅವನು ದೇವರೆಂದಲ್ಲ. ಅವನ ಮೇಲೆ ಕಣ್ಣಿಟ್ಟವರು ಇದ್ದಾರೆಂದು. ಡಬ್ಬಿಯೊಳಗಿನ ಡ್ರೈವರಿನ ಮೇಲೆಯೂ ಅಂಥ ಕಣ್ಣುಗಳು ಇರಲಿ, ಅವುಗಳಲ್ಲಿ ಕೆಲವಾದರೂ ನಮ್ಮ ಶಾಲೆಯ ಮಕ್ಕಳ ಕಣ್ಣುಗಳಾಗಲಿ ಎಂದು ಹಾರೈಸುತ್ತೇವೆ.